ರಜೆ ಕೇಳಿದರೆ ‘ಮತ್ತೆ ಯಾರ ಮದುವೆ?’ ಅಂತಾರೆ

ಪ್ರಶ್ನೆ: ಮೇಡಂ, ನಾನು ಹಾಸನದ ಒಂದು ಗಾರ್ಮೆಂಟ್ಸ್‌ನಲ್ಲಿ ಟೈಲರ್. ವಯಸ್ಸು 33, ಮದುವೆಯಾಗಿ ಒಂಬತ್ತು ವರ್ಷ. ಕೈಗೆ 14 ಸಾವಿರ ಬರುತ್ತದೆ, ಇಎಸ್‌ಐ (ಕಾರ್ಮಿಕರ ವಿಮೆ) ಕಟ್ ಆಗುತ್ತದೆ. ಬೆಂಗಳೂರಿನಲ್ಲಿ ಮಗುವಿಗಾಗಿ ಐವಿಎಫ್ (ಟೆಸ್ಟ್ ಟ್ಯೂಬ್ ಬೇಬಿ ಚಿಕಿತ್ಸೆ) ಶುರು ಮಾಡಬೇಕು, ಹನ್ನೆರಡು ದಿನದಲ್ಲಿ ನಾಲ್ಕೈದು ಸಲ ಬನ್ನಿ ಅಂದಿದ್ದಾರೆ. ಹೋದ ತಿಂಗಳು ಟೆಸ್ಟ್‌ಗಳಿಗೆ ಹೋಗಲು ಚಿಕ್ಕಮ್ಮನ ಮಗಳ ಮದುವೆ, ಮಾವನಿಗೆ ಹುಷಾರಿಲ್ಲ ಅಂತ ಸುಳ್ಳು ಹೇಳಿ ಮೂರು ರಜೆ ಹಾಕಿದೆ. ಈಗ ಸೂಪರ್‌ವೈಸರ್ ಎಲ್ಲರೆದುರು ‘ಮತ್ತೆ ಯಾರ ಮದುವೆ?’ ಅಂತ ಕೇಳುತ್ತಾರೆ. ಈ ಚಿಕಿತ್ಸೆಗೆ ಕಾನೂನಿನಲ್ಲಿ ರಜೆ ಇದೆಯಾ? ಸರ್ಕಾರದ ಸಹಾಯ ಏನಾದರೂ?
- ಹೆಸರು ಬೇಡ, ಹಾಸನ

ಉತ್ತರ: ಬೇಸರದ ಮಾತು ಮೊದಲು ಹೇಳಿಬಿಡುತ್ತೇನೆ ತಂಗಿ. ಇಲ್ಲ. ಮಗು ಹುಟ್ಟಿದರೆ 26 ವಾರ ಸಂಬಳದ ರಜೆ ಇದೆ, ಗರ್ಭಪಾತವಾದರೆ 6 ವಾರ ಇದೆ (ಇದನ್ನು ಬರೆಯಲು ಮನಸ್ಸಿಲ್ಲ, ಆದರೂ ಗೊತ್ತಿರಲಿ), ಗರ್ಭ ನಿಲ್ಲಲಿ ಅಂತ ಆಸ್ಪತ್ರೆಗೆ ಅಲೆಯುವುದಕ್ಕೆ ಮಾತ್ರ ಒಂದು ದಿನವೂ ಇಲ್ಲ. ಇದು ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಹಾಗಾಗಿ ಇರುವ ರಜೆಗಳನ್ನೇ ಹೊಲಿದು ಜೋಡಿಸಬೇಕು, ಆ ಕೆಲಸ ನನಗಿಂತ ನಿಮಗೆ ಚೆನ್ನಾಗಿ ಗೊತ್ತು.

ನಮ್ಮ ರಾಜ್ಯ ಸರ್ಕಾರ 2025ರ ಕೊನೆಯಲ್ಲಿ ತಿಂಗಳಿಗೆ ಒಂದು ದಿನ ಸಂಬಳ ಸಹಿತ ಮುಟ್ಟಿನ ರಜೆಗೆ ಆದೇಶ ಹೊರಡಿಸಿತು. ಕಾರ್ಖಾನೆಗಳೂ ಅದರಲ್ಲಿ ಸೇರಿವೆ. ಐವಿಎಫ್‌ನ ಮೊದಲ ಸ್ಕ್ಯಾನ್ ಸಾಮಾನ್ಯವಾಗಿ ಮುಟ್ಟಿನ ಎರಡನೇ ಅಥವಾ ಮೂರನೇ ದಿನವೇ ಇರುತ್ತದೆ, ಅಲ್ವಾ? ಆ ರಜೆ ಅವತ್ತು ಹಾಕಿ, ಸುಳ್ಳೇ ಬೇಕಾಗಿಲ್ಲ. ಇನ್ನು 2025ರ ನವೆಂಬರ್‌ನಲ್ಲಿ ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆ ಪ್ರಕಾರ ವರ್ಷಕ್ಕೆ 180 ದಿನ ಕೆಲಸ ಮಾಡಿದವರಿಗೆ 20 ದಿನಕ್ಕೊಂದರಂತೆ ಇಎಲ್ (ದುಡಿದು ಗಳಿಸಿದ ಸಂಬಳದ ರಜೆ) ಸಿಗುತ್ತದೆ. ನಿಮ್ಮ ಲೆಕ್ಕದಲ್ಲಿ ಎಷ್ಟು ಉಳಿದಿದೆ ಅಂತ ಇವತ್ತೇ ಕೇಳಿ, ಹಬ್ಬಕ್ಕೆ ಅಂತ ಖರ್ಚು ಮಾಡಬೇಡಿ.

ಇಎಸ್‌ಐನಲ್ಲಿ ಕಾಯಿಲೆ ಭತ್ಯೆ ಇದೆ, ಸಂಬಳದ ಶೇ. 70ರಷ್ಟು, ವರ್ಷಕ್ಕೆ 91 ದಿನದವರೆಗೆ. ಆದರೆ ಅದು ಕೆಲಸ ಮಾಡಲು ಆಗದ ಸ್ಥಿತಿ ಇದೆ ಅಂತ ಇಎಸ್‌ಐ ಡಾಕ್ಟರ್ ಸರ್ಟಿಫಿಕೇಟ್ ಕೊಟ್ಟರೆ ಮಾತ್ರ, ಅದೂ ಮೊದಲ ಎರಡು ದಿನಕ್ಕೆ ಸಾಮಾನ್ಯವಾಗಿ ದುಡ್ಡಿಲ್ಲ. ಸ್ಕ್ಯಾನ್‌ಗೆ ಹೋಗಿಬರಲು ಇದು ಉಪಯೋಗಕ್ಕೆ ಬಾರದು. ಅಂಡಾಣು ತೆಗೆದ ಮೇಲೆ ಹೊಟ್ಟೆ ಉಬ್ಬಿ ಮಲಗುವಂತಾದರೆ ನೆನಪಿಸಿಕೊಳ್ಳಿ.

ಮಧ್ಯದ ಸ್ಕ್ಯಾನ್‌ಗಳನ್ನು ಹಾಸನದಲ್ಲೇ ಮಾಡಿಸಿ ರಿಪೋರ್ಟ್ ಕಳಿಸಬಹುದಾ ಅಂತ ನಿಮ್ಮ ಡಾಕ್ಟರನ್ನು ಕೇಳಿ. ಒಪ್ಪಿದರೆ ಎರಡು ಮೂರು ರಜೆ, ಅಷ್ಟೇ ಸಲದ ಬಸ್ ಚಾರ್ಜ್ ಉಳಿಯಿತು. ತಪ್ಪದ ದಿನ ಅಂದರೆ ಅಂಡಾಣು ತೆಗೆಯುವುದು. ಕೊನೆಯ ಇಂಜೆಕ್ಷನ್ ಆಗಿ ಸುಮಾರು 36 ಗಂಟೆಗೆ ಅದು ಆಗಲೇಬೇಕು, ಹಾಗಾಗಿ ತಾರೀಕು ಎರಡು ದಿನ ಮುಂಚೆಯಷ್ಟೇ ಗೊತ್ತಾಗುತ್ತದೆ. ಜಗಳ ಹುಟ್ಟುವುದು ಇಲ್ಲೇ. ಆದ್ದರಿಂದ ಸೂಪರ್‌ವೈಸರನ್ನು ಬಿಟ್ಟು ಎಚ್‌ಆರ್ ಹತ್ತಿರ ಹೋಗಿ, ‘ಚಿಕಿತ್ಸೆ ನಡೆಯುತ್ತಿದೆ, ಇಂಥ ವಾರದಲ್ಲಿ ದಿಢೀರ್ ಅಂತ ರಜೆ ಬೇಕಾಗುತ್ತದೆ’ ಅಂತ ಡಾಕ್ಟರ್ ಪತ್ರ ಕೊಡಿ. ಯಾವ ಚಿಕಿತ್ಸೆ ಅಂತ ಪತ್ರದಲ್ಲಿ ಬರೆಸಬೇಕಿಲ್ಲ.

ಭ್ರೂಣ ಒಳಗಿಟ್ಟ ಮೇಲೆ ಹದಿನೈದು ದಿನ ಹಾಸಿಗೆ ಬಿಡಬಾರದು ಅಂತ ಪಕ್ಕದ ಮನೆಯವರು ಹೇಳುತ್ತಾರೆ. ಮಲಗಿದ್ದರೆ ಗರ್ಭ ನಿಲ್ಲುತ್ತದೆ ಅನ್ನುವುದಕ್ಕೆ ಆಧಾರವಿಲ್ಲ. ಡಾಕ್ಟರ್ ಹೇಳದ ಹೊರತು ಸುಮ್ನೆ ಅಲ್ಲಿ ರಜೆ ಸುಡಬೇಡಿ.

ದುಡ್ಡಿನ ವಿಚಾರ. ಕೇಂದ್ರ ಸರ್ಕಾರಿ ನೌಕರರಿಗೆ ಐವಿಎಫ್ ಖರ್ಚಿನಲ್ಲಿ ಒಂದು ಸೈಕಲ್‌ಗೆ (ಅಂದರೆ ಒಂದು ಸುತ್ತಿನ ಚಿಕಿತ್ಸೆಗೆ) 65,000 ರೂಪಾಯಿವರೆಗೆ ವಾಪಸ್ ಕೊಡುವ ವ್ಯವಸ್ಥೆ ಇದೆ. ಗೋವಾದ ಸರ್ಕಾರಿ ಮೆಡಿಕಲ್ ಕಾಲೇಜಿನಲ್ಲಿ 2023ರಿಂದ ಉಚಿತ. ಹೊಲಿಗೆ ಲೈನಿನವರಿಗೂ ಅಂಥದ್ದೊಂದು ಬೇಕು ಅಂತ ಯಾವ ಶಾಸಕರೂ ಯಾಕೆ ಎದ್ದು ನಿಲ್ಲುವುದಿಲ್ಲವೋ. ಖಾಸಗಿ ಇನ್ಶೂರೆನ್ಸ್‌ಗಳಲ್ಲಿ ಬಂಜೆತನದ ಚಿಕಿತ್ಸೆಯನ್ನು ಹೊರಗಿಡುವುದೇ ಜಾಸ್ತಿ, ಏಜೆಂಟ್ ಬಾಯಿಮಾತು ನಂಬಬೇಡಿ. ಹಾಂ, ಕ್ಲಿನಿಕ್ ಐವಿಎಫ್‌ನಂಥ ಚಿಕಿತ್ಸೆಗಳಿಗೆಂದೇ ಇರುವ 2021ರ ಎಆರ್‌ಟಿ ಕಾಯ್ದೆಯಡಿ ನೋಂದಣಿ ಆಗಿದೆಯಾ ಅಂತ ನೋಡಿಯೇ ದುಡ್ಡು ಕಟ್ಟಿ.

ಪ್ರಶ್ನೆ: ನಾನು ಚಿಕ್ಕಮಗಳೂರು ಹತ್ತಿರ ಕಾಫಿ ಎಸ್ಟೇಟ್‌ನಲ್ಲಿ ರೈಟರ್ (ಲೆಕ್ಕ ಬರೆಯುವವನು). ಹೆಂಡತಿಗೆ ಐವಿಎಫ್. ಕಾಫಿ ಕುಯ್ಲು ಜೋರಾಗಿದೆ, ನಾನೂ ಪ್ರತಿ ಸಲ ಹೋಗಬೇಕಾ?

ಉತ್ತರ: ವೈದ್ಯರಿಗೆ ನೀವು ಬೇಕಾಗಿರುವುದು ಮುಖ್ಯವಾಗಿ ಅಂಡಾಣು ತೆಗೆಯುವ ದಿನ. ಅವತ್ತೂ ಆಗದಿದ್ದರೆ ವೀರ್ಯವನ್ನು ಮೊದಲೇ ಕೊಟ್ಟು ಫ್ರೀಜ್ ಮಾಡಿಸಿಡಬಹುದು. ಆದರೆ ಅರಿವಳಿಕೆ ಇಳಿದು ಕಣ್ಣು ಬಿಟ್ಟಾಗ ನಿಮ್ಮ ಹೆಂಡತಿ ಯಾರನ್ನು ಹುಡುಕುತ್ತಾರೆ ಅಂತ ಯೋಚಿಸಿ. ಒಂದು ದಿನ ಧಣಿಗಳೇ ಕಾಫಿ ಅಳೆದುಕೊಳ್ಳಲಿ.