ಎದೆಗಾರಿಕೆಗೂ ಜೊತೆ ಬೇಕು ಸ್ವಾಮಿ

ಕೊಡಗಿನ ಸುಂಟಿಕೊಪ್ಪದ ಕಡೆಯ ಎಸ್ಟೇಟ್ ರೈಟರ್ (ತೋಟದ ಗುಮಾಸ್ತರು) ಒಬ್ಬರು ಬರೆದಿದ್ದಾರೆ: "ಎಚ್‌ಐವಿ ಇರುವವರಿಗೆ ಆಸರೆ, ಆಪ್ತಸಮಾಲೋಚನೆ, ಸಂಘ ಎಂದೆಲ್ಲ ಕಳೆದ ಸಂಚಿಕೆಯಲ್ಲಿ ಉದ್ದಕ್ಕೆ ಬರೆದಿರಿ. ನಮ್ಮ ಲೈನ್‌ಮನೆಯ ಕೆಲಸಗಾರನೊಬ್ಬ ವರ್ಷಗಳಿಂದ ಮಾತ್ರೆ ನುಂಗುತ್ತಿದ್ದಾನೆ. ಕುಡಿತ ಬಿಟ್ಟ, ಮಗಳನ್ನು ಓದಿಸಿದ, ಮೊದಲಿಗಿಂತ ಒಳ್ಳೆಯ ಮನುಷ್ಯನಾದ. ಯಾವ ಸಂಘವೂ ಇರಲಿಲ್ಲ. ಗಟ್ಟಿ ಮನಸ್ಸಿದ್ದರೆ ಸಾಲದೇ?"

ಎದೆಗಾರಿಕೆ ಬೇಡವೆಂದವರು ಯಾರು? ಒಂದು ದಿನವೂ ತಪ್ಪಿಸದೆ ಜೀವಮಾನವಿಡೀ ಮಾತ್ರೆ ನುಂಗುವುದು ಸಣ್ಣ ಮಾತಲ್ಲ. ಆದರೆ ಪತ್ರದ ಎರಡನೇ ಪುಟದಲ್ಲಿ ಬರೆದದ್ದನ್ನು ನೀವೇ ಮರೆತಂತಿದೆ. ಆತ ಮಡಿಕೇರಿಗೆ ಮಾತ್ರೆ ತರಲು ಹೋಗುವ ದಿನ ಕಾರಣ ಕೇಳದೆ ರಜೆ ಹಾಕಿಕೊಟ್ಟವರು ನೀವು, ಅದೂ ಕಾಫಿ ಕೊಯ್ಲಿನ ಗಡಿಬಿಡಿಯಲ್ಲಿ. ಬೈದು ಕುಡಿತ ಬಿಡಿಸಿದವಳು ಆತನ ಅತ್ತಿಗೆ. ಇಷ್ಟಾದ ಮೇಲೂ ಸಂಘ ಇರಲಿಲ್ಲ ಅಂದರೆ ಹೇಗೆ? ಬೋರ್ಡು ತೂಗುಹಾಕಿದ್ದು ಮಾತ್ರ ಸಂಘವೇ?

ಆಘಾತದ ನಂತರ ಮನುಷ್ಯ ಒಳಗೊಳಗೆ ಬೆಳೆಯುವುದನ್ನು ಅಳೆಯಲು ಅಮೆರಿಕದ ಮನಶ್ಶಾಸ್ತ್ರಜ್ಞರಾದ ಟೆಡೆಸ್ಕಿ ಮತ್ತು ಕಾಲ್ಹೂನ್ 1996ರಲ್ಲಿ 21 ಹೇಳಿಕೆಗಳ ಪಟ್ಟಿಯೊಂದನ್ನು ಪ್ರಕಟಿಸಿದರು. ಅದರಲ್ಲಿ ನಿಮ್ಮ ಎದೆಗಾರಿಕೆಯ ಪಾಲಿಗೆ ಬಂದವು 4. ಇತರರೊಂದಿಗಿನ ಸಂಬಂಧಕ್ಕೆ 7! ಕಷ್ಟಕಾಲದಲ್ಲಿ ಜನರನ್ನು ನೆಚ್ಚಬಹುದು, ನನಗೂ ಇನ್ನೊಬ್ಬರು ಬೇಕು ಎಂದು ಒಪ್ಪಿಕೊಳ್ಳುವುದೇ ಅಲ್ಲಿ ಬೆಳವಣಿಗೆಯ ಗುರುತು. (ಎಲ್ಲರೂ ಹೀಗೆ ಬೆಳೆಯಲೇಬೇಕೆಂದೇನೂ ಇಲ್ಲ. ಮಾತ್ರೆ ನುಂಗಿಕೊಂಡು ಸಿಡುಕುತ್ತ ಬದುಕುವ ಹಕ್ಕೂ ಮನುಷ್ಯನಿಗೆ ಉಂಟು.)

ಒಂದು ಮಾತಿಗೆ ಬೇಸರಿಸಬೇಡಿ. ಆತನ ಹೆಸರು, ಲೈನಿನ ನಂಬರು ಎಲ್ಲ ಬರೆದು ಕಳಿಸಿದ್ದೀರಿ, ನಾನು ಹೊಡೆದುಹಾಕಿದೆ. ಒಪ್ಪಿಗೆಯಿಲ್ಲದೆ ಒಬ್ಬರ ಎಚ್‌ಐವಿ ಸ್ಥಿತಿಯನ್ನು ಬಯಲು ಮಾಡಬಾರದೆಂದು 2017ರ ಎಚ್‌ಐವಿ-ಏಡ್ಸ್ ಕಾಯ್ದೆ ಹೇಳುತ್ತದೆ. ಅದು ಜಾರಿಗೆ ಬಂದದ್ದು 2018ರ ಸೆಪ್ಟೆಂಬರಿನಲ್ಲಿ. ಅದರ ಹಿಂದಿನ ತಿಂಗಳಷ್ಟೇ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಕುಸಿದಿತ್ತು; ಆಗ ಕಾಯ್ದೆಯ ಸುದ್ದಿ ಕೊಡಗಿನಲ್ಲಿ ಯಾರ ಕಿವಿಗೆ ಬೀಳಬೇಕು? ಮನೆ ಕಳೆದುಕೊಂಡವರಿಗೆ ಯಾವ ಊರು, ಯಾವ ಜಾತಿ ಎಂದು ಕೇಳದೆ ಬಾಗಿಲು ತೆರೆದ ಜನ ನಾವು. ಆದರೆ ಗುಡ್ಡ ಬೀಳದೆ ಬರೀ ರಕ್ತಪರೀಕ್ಷೆಯ ಚೀಟಿ ಬಂದರೆ ಅದೇ ನಾವು ಲೋಟ ಬೇರೆ ಇಡುತ್ತೇವೆ. ಒಟ್ಟಿಗೆ ಉಂಡರೆ ಅಂಟದೆಂದು ಶಾಲೆಯ ಮಕ್ಕಳಿಗೂ ಗೊತ್ತು. ಚಿಕಿತ್ಸೆಯಿಂದ ರಕ್ತದಲ್ಲಿ ವೈರಸ್ ಪತ್ತೆಯಾಗದ ಮಟ್ಟಕ್ಕೆ ಇಳಿದು ಅಲ್ಲೇ ನಿಂತರೆ ಲೈಂಗಿಕ ಸಂಪರ್ಕದಿಂದಲೂ ಹರಡುವುದಿಲ್ಲ ಎಂಬುದು ಮಾತ್ರ ಓದಿಕೊಂಡ ದೊಡ್ಡವರ ತಲೆಗೂ ಇನ್ನೂ ಹೋಗಿಲ್ಲ. ನಮ್ಮ ಪತ್ರಿಕೆಗಳಿಗೋ, ಈ ವಿಷಯ ನೆನಪಾಗುವುದು ವಿಶ್ವ ಏಡ್ಸ್ ದಿನವಾದ ಡಿಸೆಂಬರ್ 1ರಂದು, ಕೆಂಪು ರಿಬ್ಬನ್ನಿನ ಚಿತ್ರದ ಜೊತೆ.

ಮಡಿಕೇರಿಯಲ್ಲೇ ಪುಕ್ಕಟೆ ಸಿಗುವ ಮಾತ್ರೆಗೆ ಸುಮಾರು 120 ಕಿಲೋಮೀಟರ್ ದೂರದ ಮೈಸೂರಿನ ಬಸ್ಸು ಹತ್ತುವವರನ್ನು ನಾನು ಬಲ್ಲೆ. ಆಸ್ಪತ್ರೆಯ ಸಾಲಿನಲ್ಲಿ ನೆಂಟರು ಕಂಡಾರೆಂಬ ಭಯ. ಅವರ ಮನಸ್ಸು ಗಟ್ಟಿಯಿಲ್ಲವೆಂದು ಹೇಳುತ್ತೀರಾ? ಮುಂದಿನ ಪತ್ರದಲ್ಲಿ ಬರೆಯಿರಿ, ಯಾರ ಹೆಸರನ್ನೂ ಹಾಕದೆ.

— ಸಂ.