ಮಗುವಿನ ಹಾಲುಹಲ್ಲಿನ ಬುಡದಲ್ಲಿ ಬಿಳಿ ಗೆರೆ ಬಂದಿದೆ. ಫ್ಲೋರೈಡ್ ಇಲ್ಲದ ಒಳ್ಳೆಯ ಪೇಸ್ಟ್ ಯಾವುದು?

ಎರಡು ವರ್ಷದ ಮಗ, ಮೇಲಿನ ಮುಂದಿನ ಹಲ್ಲುಗಳ ಬುಡದಲ್ಲಿ ಬಿಳಿ ಗೆರೆ, ಹಾಲಿನ ಬಾಟಲಿ ಬಾಯಲ್ಲಿದ್ದರೆ ಮಾತ್ರ ನಿದ್ದೆ, "ಹೇಗೂ ಬೀಳೋ ಹಲ್ಲು, ಬಿಡಮ್ಮ" ಅನ್ನುವ ಅತ್ತೆ. ನೀವು ಬರೆದದ್ದರಲ್ಲಿ ಹೆಸರು ಬದಲಿಸಿದರೆ ಅದು ನಮ್ಮ ಮನೆಯೇ. ಪೇಸ್ಟಿನ ಮಾತು ಆಮೇಲೆ. ಮೊದಲು ಆ ಬಿಳಿ ಗೆರೆ.

ನನ್ನ ಮಗಳಿಗೆ ಒಂದೂವರೆ ವರ್ಷ ಆಗುವಷ್ಟರಲ್ಲಿ ಹೆಂಡತಿ ಕೆಲಸಕ್ಕೆ ವಾಪಸ್ ಹೋಗಿದ್ದಳು. ಅವಳಿಗೆ ರಾತ್ರಿ ಪಾಳಿ. ಮಗುವನ್ನು ಮಲಗಿಸುವುದು ನನ್ನ ಪಾಲಿಗೆ ಬಂತು. ಸಕ್ಕರೆ ಹಾಕಿದ ಹಾಲು ಬಾಟಲಿಗೆ ತುಂಬಿ ಕೊಟ್ಟರೆ ಹತ್ತು ನಿಮಿಷದಲ್ಲಿ ನಿದ್ದೆ. ಮಧ್ಯರಾತ್ರಿ ಎದ್ದರೆ ಇನ್ನೊಂದು ಬಾಟಲಿ. ಒಂದು ದಿನ ಅವಳು ನಗುವಾಗ ಗೆರೆ ಕಾಣಿಸಿತು. ಹಾಲು ಅಂಟಿರಬೇಕು ಎಂದು ಒದ್ದೆ ಬಟ್ಟೆಯಿಂದ ಒರೆಸಿದೆ. ಹೋಗಲಿಲ್ಲ. ಒಣಗಿದಾಗ ಸುಣ್ಣ ಬಳಿದ ಹಾಗೆ ಇನ್ನೂ ಜಾಸ್ತಿ ಎದ್ದು ಕಂಡಿತು.

ನಾನು ಎಡವಿದ್ದು ಅಲ್ಲೇ. ಬಿಳಿ ಅಂದರೆ ಕ್ಯಾಲ್ಸಿಯಂ ಕಮ್ಮಿ ಎಂದು ನಾನೇ ತೀರ್ಮಾನ ಮಾಡಿದೆ. ಮೆಡಿಕಲ್ ಶಾಪಿನಿಂದ ಕ್ಯಾಲ್ಸಿಯಂ ಸಿರಪ್ ತಂದೆ. ಸಿಹಿ ಇದ್ದದ್ದರಿಂದ ಮಗಳು ಹಠ ಮಾಡದೆ ಕುಡಿಯುತ್ತಿದ್ದಳು. ಅದನ್ನೂ ರಾತ್ರಿಯೇ ಕೊಟ್ಟೆ, ಬಾಟಲಿಗೆ ಮುಂಚೆ. ಹಲ್ಲುಜ್ಜಿದ ಮೇಲೆ ಸಕ್ಕರೆ ಹಾಲು, ಸಕ್ಕರೆ ಔಷಧಿ, ಆಮೇಲೆ ನಿದ್ದೆ. ಆರೇಳು ತಿಂಗಳು ಹೀಗೇ ನಡೆಯಿತು. ಹಾಲುಹಲ್ಲಿನ ಮೇಲಿನ ಗಟ್ಟಿ ಪದರ ತಯಾರಾಗಲು ಶುರುವಾಗುವುದು ತಾಯಿಯ ಹೊಟ್ಟೆಯಲ್ಲಿ, ಮುಗಿಯುವುದು ಮಗುವಿಗೆ ಸುಮಾರು ಒಂದು ವರ್ಷ ಆಗುವಷ್ಟರಲ್ಲಿ. ಆಮೇಲೆ ಎಷ್ಟು ಕ್ಯಾಲ್ಸಿಯಂ ಕುಡಿಸಿದರೂ ಬಂದಿರುವ ಹಲ್ಲಿನ ಪದರಕ್ಕೆ ಅದು ಹೋಗಿ ಸೇರುವುದಿಲ್ಲ. ಇದು ನನಗೆ ಗೊತ್ತಿರಲಿಲ್ಲ, ಯಾರನ್ನೂ ಕೇಳಲೂ ಇಲ್ಲ.

ಆ ಬಿಳಿ ಗೆರೆ ಹುಳುಕಿನ ಮೊದಲ ಹಂತ. ಬಾಯಲ್ಲಿರುವ ಬ್ಯಾಕ್ಟೀರಿಯಾ ಸಕ್ಕರೆ ತಿಂದು ಆಮ್ಲ ಬಿಡುತ್ತವೆ. ಆಮ್ಲ ಹಲ್ಲಿನಿಂದ ಖನಿಜ ಕರಗಿಸುತ್ತದೆ. ಹಗಲಲ್ಲಿ ಜೊಲ್ಲು ಆ ಆಮ್ಲವನ್ನು ತೊಳೆದು, ಹೋದ ಖನಿಜವನ್ನು ಸ್ವಲ್ಪ ಸ್ವಲ್ಪ ವಾಪಸ್ ತುಂಬುತ್ತದೆ. ನಿದ್ದೆಯಲ್ಲಿ ಜೊಲ್ಲು ಬರುವುದೇ ಕಡಿಮೆ. ಬಾಟಲಿಯ ಹಾಲು ಮೇಲಿನ ಮುಂದಿನ ಹಲ್ಲುಗಳ ಸುತ್ತ ನಿಲ್ಲುತ್ತದೆ. ಕೆಳಗಿನ ಹಲ್ಲುಗಳನ್ನು ನಾಲಿಗೆ ಮುಚ್ಚಿಕೊಂಡಿರುತ್ತದೆ, ಅದಕ್ಕೇ ಅವು ಉಳಿಯುತ್ತವೆ. ನಿಮ್ಮ ಮಗನದ್ದೂ ಮೇಲಿನವೇ ಅಲ್ವಾ? ಬಿಳಿ ಇರುವಾಗ ಮೇಲ್ಮೈ ಇನ್ನೂ ಒಡೆದಿಲ್ಲ, ಒಳಗೆ ಖನಿಜ ಹೋಗಿದೆ ಅಷ್ಟೇ. ಆಗ ಬಾಟಲಿ ಬಿಡಿಸಿ, ಹಲ್ಲಿನ ಪದರ ಗಟ್ಟಿ ಮಾಡುವ ಖನಿಜವಾದ ಫ್ಲೋರೈಡ್ ಹಚ್ಚಿದರೆ ಮತ್ತೆ ಗಟ್ಟಿಯಾಗಬಲ್ಲದು. ಗುಂಡಿ ಬಿದ್ದ ಮೇಲೆ ಯಾವ ಪೇಸ್ಟೂ ಅದನ್ನು ಮುಚ್ಚುವುದಿಲ್ಲ.

ಮಗಳ ಗೆರೆ ಕಂದು ಬಣ್ಣಕ್ಕೆ ತಿರುಗಿತು. ತುದಿ ಪುಡಿಯಾಯಿತು. ನಾವು ಲವಂಗದ ಎಣ್ಣೆ ಹಚ್ಚಿದೆವು. ಮೂರು ವರ್ಷ ತುಂಬುವ ಹೊತ್ತಿಗೆ ಒಂದು ಬೆಳಿಗ್ಗೆ ಮೇಲ್ತುಟಿ ಊದಿಕೊಂಡಿತ್ತು, ಜ್ವರ ಬೇರೆ. ಒಸಡಿನಲ್ಲಿ ಕೀವು. ಎರಡು ಹಲ್ಲು ಕೀಳಿಸಬೇಕಾಯಿತು. ಪಕ್ಕದ ಎರಡಕ್ಕೆ ಒಳಗಿನ ನರ ತೆಗೆದು ಔಷಧಿ ತುಂಬಿ ಕ್ಯಾಪ್ ಹಾಕಿದರು. ಅಂಗನವಾಡಿಯಲ್ಲಿ ಅವಳು ಬಾಯಿಗೆ ಕೈ ಅಡ್ಡ ಇಟ್ಟು ನಗುವುದನ್ನು ಕಲಿತಳು. ಅದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

"ಹೇಗೂ ಬೀಳೋ ಹಲ್ಲು" ಅನ್ನುವ ಮಾತಿಗೆ ನನ್ನ ಉತ್ತರವೂ ಅವಳ ಬಾಯಲ್ಲೇ ಇದೆ. ಕೀವು ತುಂಬಿದ ಹಾಲುಹಲ್ಲಿನ ಬೇರಿನ ಪಕ್ಕದಲ್ಲೇ ಶಾಶ್ವತ ಹಲ್ಲು ಬೆಳೆಯುತ್ತಿರುತ್ತದೆ. ಏಳನೇ ವಯಸ್ಸಿನಲ್ಲಿ ಬಂದ ಅವಳ ಹೊಸ ಹಲ್ಲಿನ ಮೇಲೆ ಒಂದು ಒರಟು ಕಂದು ಮಚ್ಚೆ ಇದೆ. ಹಳೆಯ ಕೀವಿನಿಂದ ಹೀಗಾಗುತ್ತದೆ ಎಂದು ಡಾಕ್ಟರು ಹೇಳಿದರು. ಇದು ಬೀಳುವ ಹಲ್ಲಲ್ಲ.

ಬೀಳುವ ಹಲ್ಲು ಹೌದು, ಆದರೆ ಯಾವಾಗ ಎಂದು ನಿಮ್ಮ ಅತ್ತೆಯವರನ್ನು ಮೆಲ್ಲಗೆ ಕೇಳಿ. ಹಾಲುಹಲ್ಲು ಒಟ್ಟು 20. ಮುಂದಿನವು 6ರಿಂದ 8 ವರ್ಷದೊಳಗೆ ಬೀಳುತ್ತವೆ. ದವಡೆಯವು 10ರಿಂದ 12 ವರ್ಷದವರೆಗೆ ಇರಬೇಕು. ನಿಮ್ಮ ಮಗ ಇನ್ನೂ ಎಂಟು ಹತ್ತು ವರ್ಷ ರೊಟ್ಟಿ, ಚಕ್ಕುಲಿ ಎಲ್ಲವನ್ನೂ ಅಗಿಯಬೇಕಾದದ್ದು ಅದೇ ದವಡೆ ಹಲ್ಲುಗಳಲ್ಲಿ. ಅವು ಬೇಗ ಹೋದರೆ ಪಕ್ಕದ ಹಲ್ಲು ಆ ಜಾಗಕ್ಕೆ ವಾಲುತ್ತದೆ, ಹೊಸದು ಬರಲು ಜಾಗ ಸಾಲದೆ ಸೊಟ್ಟ ಬರುತ್ತದೆ. ಬಿದ್ದ ಹಲ್ಲನ್ನು ಸಗಣಿ ಉಂಡೆಯಲ್ಲಿಟ್ಟು ಮಾಡಿನ ಮೇಲೆ ಎಸೆಯುತ್ತಿದ್ದ ನಮ್ಮ ಹಿರಿಯರು ಹಲ್ಲನ್ನು ಹಗುರವಾಗಿ ಕಂಡವರಲ್ಲ. ಆದರೆ ಅವರ ಕಾಲದಲ್ಲಿ ರಾತ್ರಿ ಬಾಟಲಿಯೂ ಇರಲಿಲ್ಲ, ಹಾಲಲ್ಲಿ ಅದ್ದುವ ಬಿಸ್ಕತ್ತೂ ಮನೆಮನೆಗೆ ಬಂದಿರಲಿಲ್ಲ.

ಈಗ ನಿಮ್ಮ ಪ್ರಶ್ನೆ. ಫ್ಲೋರೈಡ್ ಇಲ್ಲದ ಪೇಸ್ಟ್ ಯಾವುದೆಂದು ನಾನು ಹೇಳುವುದಿಲ್ಲ, ಯಾಕೆಂದರೆ ನಿಮ್ಮ ಮಗನಿಗೆ ಈಗ ಬೇಕಿರುವುದೇ ಫ್ಲೋರೈಡ್. ನಿಮ್ಮ ಭಯ ನನಗೆ ಚೆನ್ನಾಗಿ ಅರ್ಥವಾಗುತ್ತದೆ. ನಮ್ಮೂರು ಪಾವಗಡದ ಕಡೆ. ಫ್ಲೋರೈಡ್ ಜಾಸ್ತಿ ಇರುವ ಬೋರ್‌ವೆಲ್ ನೀರು ಕುಡಿದು ಹಲ್ಲು ಕಂದಾದವರನ್ನು, ಮಂಡಿ ಮಡಿಸಲಾಗದವರನ್ನು ನೋಡಿ ಬೆಳೆದವನು ನಾನು. ಹಾಗಾಗಿಯೇ ನಾವೂ ಗಿಡಮೂಲಿಕೆ ಪೇಸ್ಟ್ ತರುತ್ತಿದ್ದೆವು. ಆದರೆ ಲೆಕ್ಕ ನೋಡಿ. 1000 ಪಿಪಿಎಂ (ಒಂದು ಗ್ರಾಂ ಪೇಸ್ಟಿನಲ್ಲಿ 1 ಮಿಲಿಗ್ರಾಂ) ಫ್ಲೋರೈಡ್ ಇರುವ ಪೇಸ್ಟನ್ನು ಅಕ್ಕಿ ಕಾಳಿನಷ್ಟು, ಅಂದರೆ ಸುಮಾರು 0.1 ಗ್ರಾಂ ಹಚ್ಚಿದರೆ ಅದರಲ್ಲಿರುವುದು 0.1 ಮಿಲಿಗ್ರಾಂ ಫ್ಲೋರೈಡ್. ಪೂರ್ತಿ ನುಂಗಿದರೂ ಅಷ್ಟೇ. ಕುಡಿಯುವ ನೀರಿನಲ್ಲಿ ಒಂದು ಲೀಟರಿಗೆ 1.5 ಮಿಲಿಗ್ರಾಂವರೆಗೆ ನಮ್ಮ ದೇಶದ ಮಾನದಂಡವೇ ಒಪ್ಪುತ್ತದೆ, ಅದೂ ಬೇರೆ ನೀರು ಸಿಗದಿದ್ದಾಗ. ನಮ್ಮೂರಿನವರಿಗೆ ತೊಂದರೆ ಕೊಟ್ಟದ್ದು ದಿನವೂ, ವರ್ಷಗಟ್ಟಲೆ ಹೊಟ್ಟೆಗೆ ಹೋದ ನೀರು. ಪೇಸ್ಟ್ ಕೆಲಸ ಮಾಡುವುದು ಹಲ್ಲಿನ ಮೇಲೆ. ನೀವು ಅಂಥ ನೀರಿನ ಊರಲ್ಲೇ ಇದ್ದರೆ ಮಗುವಿಗೆ ಶುದ್ಧೀಕರಣ ಘಟಕದ ನೀರು ಕುಡಿಸಿ (ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಸಾಂದ್ರವಾಗುತ್ತದೆ) ಮತ್ತು ಪೇಸ್ಟಿನ ವಿಷಯ ಡಾಕ್ಟರ ಹತ್ತಿರ ಹೇಳಿ ನಿರ್ಧರಿಸಿ. ಭಯಕ್ಕೆ ಸುಮ್ನೆ ಬಿಟ್ಟುಬಿಡಬೇಡಿ.

ಮೂರು ವರ್ಷದವರೆಗೆ ಅಕ್ಕಿ ಕಾಳಿನಷ್ಟು, ಆಮೇಲೆ ಆರರವರೆಗೆ ಬಟಾಣಿ ಕಾಳಿನಷ್ಟು. ದಿನಕ್ಕೆ ಎರಡು ಸಲ, ರಾತ್ರಿಯದು ತಪ್ಪಲೇಬಾರದು. ಉಜ್ಜಬೇಕಾದವರು ನೀವು, ಅವನಲ್ಲ. ಏಳೆಂಟು ವರ್ಷದವರೆಗೂ ದೊಡ್ಡವರ ಕೈಯೇ ಬೇಕು. ಅವನ ತಲೆ ನಿಮ್ಮ ತೊಡೆ ಮೇಲೆ ಇರಲಿ, ಮೇಲ್ತುಟಿ ಎತ್ತಿ, ಒಸಡಿನ ಅಂಚಿಗೆ ಬ್ರಷ್ ತಾಗಲಿ. ಅಳುತ್ತಾನೆ. ಅಳುವಾಗ ಬಾಯಿ ತೆರೆದಿರುತ್ತದೆ, ಉಜ್ಜಿ.

ಎಲ್ಲಕ್ಕಿಂತ ಮುಂಚೆ ರಾತ್ರಿಯ ಬಾಟಲಿ ಹೋಗಬೇಕು. ನಾವು ಮೊದಲು ಸಕ್ಕರೆ ನಿಲ್ಲಿಸಿ, ಆಮೇಲೆ ಹಾಲಿಗೆ ದಿನದಿನಕ್ಕೆ ನೀರು ಜಾಸ್ತಿ ಮಾಡುತ್ತಾ ಕೊನೆಗೆ ಬರೀ ನೀರಿಗೆ ತಂದೆವು. ಕೆಲವು ರಾತ್ರಿ ಯಾರೂ ಮಲಗಲಿಲ್ಲ, ಆಮೇಲೆ ಸರಿಹೋಯಿತು. ಹಾಲು ಊಟದ ಜೊತೆ, ಲೋಟದಲ್ಲಿ. ಉಜ್ಜಿದ ಮೇಲೆ ನೀರು ಮಾತ್ರ. ಸಿಹಿ ಸಿರಪ್ ಇದ್ದರೆ ಅದೂ ಉಜ್ಜುವ ಮುಂಚೆ. ಬೆಲ್ಲ, ಜೇನುತುಪ್ಪ, ಕಲ್ಲುಸಕ್ಕರೆ ಆರೋಗ್ಯಕರ ಎಂಬ ವಾದ ಹಲ್ಲಿನ ಮುಂದೆ ನಡೆಯುವುದಿಲ್ಲ. ಹುಳುಕಿಗೆ ಅವೆಲ್ಲ ಸಕ್ಕರೆಯೇ.

ಈ ವಾರವೇ ಮಕ್ಕಳ ದಂತವೈದ್ಯರಿಗೆ ತೋರಿಸಿ. ಮೊದಲ ಹುಟ್ಟುಹಬ್ಬದ ಹೊತ್ತಿಗೇ ಒಮ್ಮೆ ತೋರಿಸಬೇಕಂತೆ, ನಾವಿಬ್ಬರೂ ತಡ ಮಾಡಿದ್ದೇವೆ. ಬಿಳಿ ಗೆರೆಗೆ ಫ್ಲೋರೈಡ್ ವಾರ್ನಿಶ್, ಅಂದರೆ ಹಲ್ಲಿಗೆ ಅಂಟಿಕೊಳ್ಳುವ ಫ್ಲೋರೈಡ್ ಲೇಪ, ಬಳಿಯುತ್ತಾರೆ. ಸೂಜಿ ಇಲ್ಲ, ಕೊರೆಯುವುದಿಲ್ಲ, ಕೆಲವೇ ನಿಮಿಷದ ಕೆಲಸ. ಮೂರರಿಂದ ಆರು ತಿಂಗಳಿಗೊಮ್ಮೆ ಮತ್ತೆ ಬಳಿಸಬೇಕು. ಸಣ್ಣ ಗುಂಡಿ ಆಗಿದ್ದರೆ ಸಿಲ್ವರ್ ಡೈಅಮೈನ್ ಫ್ಲೋರೈಡ್ ಎಂಬ ದ್ರವ ಹಚ್ಚಿ ಹುಳುಕನ್ನು ನಿಲ್ಲಿಸಬಹುದು. ಹುಳುಕಿದ ಜಾಗ ಕಪ್ಪಾಗುತ್ತದೆ, ನೋಡಿ ಗಾಬರಿಯಾಗಬೇಡಿ. ಖರ್ಚಿನ ಚಿಂತೆ ಇದ್ದರೆ ದಂತ ವೈದ್ಯಕೀಯ ಕಾಲೇಜುಗಳಲ್ಲಿ ಮಕ್ಕಳಿಗೇ ಬೇರೆ ವಿಭಾಗ ಇರುತ್ತದೆ, ಬೆಂಗಳೂರಿನ ಸರ್ಕಾರಿ ಕಾಲೇಜಿನಲ್ಲೂ ಇದೆ. ಖಾಸಗಿ ಕ್ಲಿನಿಕ್ಕಿಗಿಂತ ತುಂಬಾ ಕಡಿಮೆಯಲ್ಲಿ ಆಗುತ್ತದೆ, ಕಾಯಬೇಕಾಗಬಹುದು ಅಷ್ಟೇ.

ಬೆಳಗಿನ ಹೊತ್ತು, ಅವನಿಗೆ ನಿದ್ದೆ ಆಗಿರುವಾಗ ಕರೆದುಕೊಂಡು ಹೋಗಿ. "ಹಠ ಮಾಡಿದ್ರೆ ಡಾಕ್ಟರು ಸೂಜಿ ಚುಚ್ತಾರೆ" ಎಂದು ಮನೆಯಲ್ಲಿ ಯಾರೂ ಹೆದರಿಸದಂತೆ ನೋಡಿಕೊಳ್ಳಿ. ವಾರ್ನಿಶ್ ಬಳಿಸಿದ ದಿನ ಗಟ್ಟಿ ಪದಾರ್ಥ, ಬಿಸಿ ಹಾಲು ಬೇಡ. ಮತ್ತೆ ಯಾವಾಗ ಉಜ್ಜಬೇಕೆಂದು ಹೊರಡುವ ಮುಂಚೆ ಅವರನ್ನೇ ಕೇಳಿಕೊಳ್ಳಿ.