ಗರ್ಭಕೋಶ ತೆಗೆಸಿದರೆ ಕೋಪ ಹೋಗುತ್ತಾ?

ಪ್ರಶ್ನೆ: ನನಗೆ 46 ವರ್ಷ. ಶಿಡ್ಲಘಟ್ಟ ತಾಲೂಕಿನ ಹಳ್ಳಿಯವಳು, ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತೇವೆ. ಒಂದು ವರ್ಷದಿಂದ ಮುಟ್ಟು ಸರಿಯಿಲ್ಲ. ಎರಡು ತಿಂಗಳು ಬರೋದೇ ಇಲ್ಲ, ಬಂದರೆ ಹತ್ತು ದಿನ ಹೋಗುತ್ತದೆ. ಮಧ್ಯರಾತ್ರಿ ಮೈಯೆಲ್ಲ ಬೆವೆತು ಎಚ್ಚರವಾಗುತ್ತದೆ, ಎದೆ ಡವಡವ ಅನ್ನುತ್ತದೆ. ಮೊನ್ನೆ ಹುಳು ನಾಲ್ಕನೇ ಜ್ವರ (ಪೊರೆ ಬಿಡುವ ನಿದ್ದೆ) ಎದ್ದ ದಿನ, ಮಗಳು “ಊಟಕ್ಕೇನಮ್ಮಾ” ಅಂದಳು. ಅಷ್ಟಕ್ಕೇ ಸೊಪ್ಪಿನ ಮಂಕರಿ ಎತ್ತಿ ಬಿಸಾಕಿದೆ. ಆಮೇಲೆ ಕೊಟ್ಟಿಗೆಯಲ್ಲಿ ಕೂತು ಒಬ್ಬಳೇ ಅತ್ತುಬಿಟ್ಟೆ. ಯಾರದೋ ದೃಷ್ಟಿ ಅಂತ ಅತ್ತೆ ತಾಯತ ಕಟ್ಟಿಸಿದ್ದಾರೆ. ಯಜಮಾನರು ಮಾತು ಕಡಿಮೆ ಮಾಡಿದ್ದಾರೆ. ಸ್ಕ್ಯಾನ್‌ನಲ್ಲಿ ಸಣ್ಣ ಗಡ್ಡೆ ಕಂಡಿತು. “ಮಕ್ಕಳಾಗಿವೆಯಲ್ಲ, ಗರ್ಭಕೋಶ ತೆಗೆಸಿಬಿಡಿ” ಎಂದರು ಒಂದು ಖಾಸಗಿ ಆಸ್ಪತ್ರೆಯವರು. ತೆಗೆಸಿದರೆ ಈ ಕೋಪ ಹೋಗುತ್ತಾ? ನನಗೇನು ಹುಚ್ಚು ಹಿಡೀತಿದೆಯಾ?

ಉತ್ತರ: ಹುಚ್ಚಿನ ಮಾತು ಮೊದಲು ಬಿಡಿ. ಅದಲ್ಲ. ಆಪರೇಷನ್ ಮಾಡಿಸಿದರೆ ಕೋಪ ಹೋಗುತ್ತಾ ಅಂದಿರಿ, ಅದೂ ಇಲ್ಲ. ಗರ್ಭಕೋಶ ತೆಗೆದರೆ ರಕ್ತ ಹೋಗೋದು ನಿಲ್ಲುತ್ತದೆ, ಅಷ್ಟೇ. ಕೋಪ, ಬೆವರು, ನಿದ್ದೆಗೇಡು ಅಲ್ಲಿಂದ ಬಂದದ್ದಲ್ಲ.

ನೀವು ಬರೆದಿರುವುದು ಮುಟ್ಟು ನಿಲ್ಲುವ ಮುಂಚಿನ ಕಾಲದ ಲಕ್ಷಣ. ಡಾಕ್ಟರುಗಳು ಪೆರಿಮೆನೋಪಾಸ್ ಅನ್ನುತ್ತಾರೆ. ಸತತ 12 ತಿಂಗಳು ಮುಟ್ಟು ಬಾರದಿದ್ದರೆ ಮಾತ್ರ ‘ನಿಂತಿತು’ ಎಂದು ಲೆಕ್ಕ. ನಮ್ಮ ದೇಶದ ಹೆಂಗಸರಿಗೆ ಅದು ಸರಾಸರಿ 46-47ಕ್ಕೆ ಆಗುತ್ತದೆ. ಅದಕ್ಕೂ ಮುಂಚಿನ ಕೆಲವು ವರ್ಷ ಹಾರ್ಮೋನು ಒಂದೇ ಸಮ ಇಳಿಯುವುದಿಲ್ಲ. ಈಸ್ಟ್ರೋಜನ್ ಈ ವಾರ ಏರುತ್ತದೆ, ಮುಂದಿನ ವಾರ ಪಾತಾಳಕ್ಕೆ ಬೀಳುತ್ತದೆ. ಕಾಟ ಕೊಡುವುದು ಈ ಏರಿಳಿತ.

ಈಸ್ಟ್ರೋಜನ್ನಿಗೆ ಮೆದುಳಿನಲ್ಲೂ ಕೆಲಸವಿದೆ. ಮನಸ್ಸನ್ನು ಸಮವಾಗಿಡುವ ಸೆರೊಟೋನಿನ್ ಅದರ ಜೊತೆ ಏರಿಳಿಯುತ್ತದೆ. ಪ್ರೊಜೆಸ್ಟರಾನ್ ಅನ್ನೋ ಇನ್ನೊಂದು ಹಾರ್ಮೋನಿನಿಂದ ನರಗಳನ್ನು ಶಾಂತ ಮಾಡುವ ಒಂದು ವಸ್ತು ತಯಾರಾಗುತ್ತದೆ. ಅಂಡಾಣು ಬಿಡುಗಡೆಯಾಗದ ತಿಂಗಳು ಅದಕ್ಕೂ ಕೊರತೆ. ಹಾಗಾಗಿ ಮುಂಚೆ “ಇರಲಿ ಬಿಡು” ಅಂದುಕೊಳ್ಳುತ್ತಿದ್ದ ಮಾತು ಈಗ ನೇರ ಎದೆಗೆ ನಾಟುತ್ತದೆ.

ಬೆವರಿನ ವಿಷಯ ನಿಮಗೆ ಹೇಳೋದು ಸುಲಭ. ಹುಳು ಮನೆಯಲ್ಲಿ ಬಿಸಿ ಸ್ವಲ್ಪ ಏರಿದರೂ ಕಿಟಕಿ ತೆಗೆಯಲು ಓಡುತ್ತೀರಲ್ವಾ? ಮೈ ಬಿಸಿ ನೋಡಿಕೊಳ್ಳುವ ಮೆದುಳಿನ ಭಾಗ ಹೈಪೊಥಲಾಮಸ್ ಈಗ ನಿಮ್ಮ ಹಾಗೇ ಗಾಬರಿ ಬೀಳುತ್ತಿದೆ. ಅರ್ಧ ಡಿಗ್ರಿ ಏರಿದರೂ ರಕ್ತನಾಳ ಹಿಗ್ಗಿಸಿ, ಬೆವರಿಳಿಸಿ, ಎದೆ ಜೋರಾಗಿ ಹೊಡೆಯುವ ಹಾಗೆ ಮಾಡುತ್ತದೆ. ಕೆಲವೇ ನಿಮಿಷ. ಆದರೆ ನಿದ್ದೆ ಹೋಯಿತು. ನಿದ್ದೆಗೆಟ್ಟ ಮೆದುಳಿಗೆ ಬೆಳಿಗ್ಗೆ ಮಗಳ ಮಾತೂ ಜಗಳದ ಹಾಗೇ ಕೇಳುತ್ತದೆ.

ಆದರೆ ಎಲ್ಲವನ್ನೂ ಹಾರ್ಮೋನಿನ ತಲೆಗೆ ಕಟ್ಟಲು ನನಗೆ ಮನಸ್ಸಿಲ್ಲ. ನಾಲ್ಕನೇ ಜ್ವರ ಎದ್ದ ಹುಳು ಅಂದರೆ ಏನು ಅಂತ ನಿಮ್ಮ ಕಡೆಯವರಿಗೆ ಗೊತ್ತು. ಇಡೀ ಬೆಳೆಯಲ್ಲಿ ತಿನ್ನುವ ಸೊಪ್ಪಿನಲ್ಲಿ ಮುಕ್ಕಾಲಿಗೂ ಜಾಸ್ತಿ ಆ ಒಂದು ವಾರದಲ್ಲೇ ತಿನ್ನುತ್ತವೆ. ತೋಟದಿಂದ ಕಡ್ಡಿ ಸೊಪ್ಪು ತರಬೇಕು, ಹುಳಕ್ಕೆ ಹಾಕಬೇಕು, ಮನೆಗೂ ಅಡುಗೆಯಾಗಬೇಕು. ಆ ಹೊತ್ತಿನಲ್ಲಿ ಊಟಕ್ಕೇನು ಅಂತ ಕೇಳಿದರೆ ಹದಿನೆಂಟರ ಹುಡುಗಿಗೂ ಕೋಪ ಬರುತ್ತದೆ. ಮಂಕರಿ ಎಸೆದದ್ದು ಸರಿ ಅಂತ ಹೇಳುತ್ತಿಲ್ಲ. ಕೋಪಕ್ಕೆ ಕಾರಣ ಇತ್ತು, ಅದನ್ನು ತಡೆದು ಹಿಡಿಯುವ ಶಕ್ತಿ ಅವತ್ತು ಇರಲಿಲ್ಲ ಅಂತ ಹೇಳುತ್ತಿದ್ದೇನೆ.

ಯಜಮಾನರ ಹತ್ತಿರ “ನನಗೆ ಸಹಾಯ ಮಾಡಿ” ಅಂತ ಸುಮ್ನೆ ಹೇಳಬೇಡಿ, ಹಾಗಂದರೆ ಯಾರಿಗೂ ಏನೂ ತಿಳಿಯುವುದಿಲ್ಲ. “ರಾತ್ರಿ ಹತ್ತರ ಸೊಪ್ಪು ಇನ್ನು ನಿಮ್ಮದು, ನಾನು ಒಂಬತ್ತೂವರೆಗೆ ಮಲಗುತ್ತೇನೆ” ಎಂದು ಹೇಳಿ. ಮಗಳಿಗೆ ಒಂದು ಹೊತ್ತಿನ ಅಡುಗೆ ವಹಿಸಿ. ಅವಳಿಗೆ ಇದೆಲ್ಲ ಬಿಡಿಸಿ ಹೇಳಿ ಕೂಡ, ನಾಳೆ ಅವಳಿಗೂ ಬೇಕಾಗುತ್ತದೆ. ಅತ್ತೆಯವರ ತಾಯತ ಕೈಯಲ್ಲೇ ಇರಲಿ, ಅದರಿಂದ ನಷ್ಟವಿಲ್ಲ. ನಿಮಗೆ ಮುಟ್ಟು ನಿಲ್ಲುವಾಗ ಹೇಗಿತ್ತು ಅಂತ ಅವರನ್ನು ಒಮ್ಮೆ ಕೇಳಿ ನೋಡಿ. ನಮ್ಮ ಅಮ್ಮಂದಿರು, ಅತ್ತೆಯಂದಿರು ಇದನ್ನು ಹಲ್ಲು ಕಚ್ಚಿ ದಾಟಿದವರು. ಕೇಳಿದವರಿಲ್ಲ ಅಂತ ಹೇಳಲಿಲ್ಲ, ಅಷ್ಟೇ. ಸಂಜೆಯ ಮೇಲೆ ಟೀ, ಕಾಫಿ ಬೇಡ.

ಈಗ ಆಪರೇಷನ್ ವಿಷಯ. ಮುಟ್ಟು ನಿಂತ ಮೇಲೆ ಇಂಥ ಗಡ್ಡೆಗಳು ಹೆಚ್ಚಾಗಿ ತಾವಾಗೇ ಕುಗ್ಗುತ್ತವೆ. ಸಣ್ಣ ಗಡ್ಡೆ ಕಂಡಿತು ಎಂಬುದೊಂದೇ ಗರ್ಭಕೋಶ ತೆಗೆಯಲು ಕಾರಣ ಅಲ್ಲ. ಜೊತೆಗೆ ಅಂಡಾಶಯಗಳನ್ನೂ ತೆಗೆದುಬಿಟ್ಟರೆ, ವರ್ಷಗಟ್ಟಲೆ ನಿಧಾನವಾಗಿ ಆಗಬೇಕಾದದ್ದು ಒಂದೇ ದಿನದಲ್ಲಿ ಆಗಿಹೋಗುತ್ತದೆ. ಬಿಸಿ, ಬೆವರು, ಬೇಸರ ಇನ್ನೂ ಜೋರಾಗಬಹುದು, ಮೂಳೆಗೂ ಪೆಟ್ಟು. “ಮಕ್ಕಳಾಗಿವೆಯಲ್ಲ” ಅನ್ನೋ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ. ಹೆತ್ತಾದ ಮೇಲೆ ಬೇಡದ ಸಾಮಾನು ಅದು ಅಂತ ಯಾರು ಹೇಳಿದ್ದು?

ಹಾಗಂತ ಹತ್ತು ದಿನ ರಕ್ತ ಹೋಗೋದನ್ನು ಕಡೆಗಣಿಸಬೇಡಿ. ಚಿಕ್ಕಬಳ್ಳಾಪುರದ ಜಿಲ್ಲಾಸ್ಪತ್ರೆಯಲ್ಲೋ ಬೇರೆಲ್ಲಾದರೋ ಇನ್ನೊಬ್ಬ ಸ್ತ್ರೀರೋಗ ತಜ್ಞರಿಗೆ ಸ್ಕ್ಯಾನ್ ರಿಪೋರ್ಟ್ ತೋರಿಸಿ. ನಿಮ್ಮ ವಯಸ್ಸಿನಲ್ಲಿ ಜಾಸ್ತಿ ಹೋಗುತ್ತಿದ್ದರೆ ಗರ್ಭಕೋಶದ ಒಳಪದರದ ಚೂರು ತೆಗೆದು ಪರೀಕ್ಷೆ ಮಾಡಿಸುವುದುಂಟು, ಹೆದರಬೇಡಿ. ರಕ್ತ ಕಡಿಮೆ ಮಾಡಲು ಮಾತ್ರೆ ಇದೆ, ಗರ್ಭಕೋಶದೊಳಗೆ ಇಡುವ, ಹಾರ್ಮೋನ್ ಇರುವ ವಂಕಿಯೂ ಇದೆ. ಹಿಮೋಗ್ಲೋಬಿನ್ ಮತ್ತು ಥೈರಾಯ್ಡ್ ಪರೀಕ್ಷೆ ಖಂಡಿತ ಮಾಡಿಸಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ 57 ಮಂದಿಗೆ ರಕ್ತಹೀನತೆ ಇದೆ. ರಕ್ತ ಕಡಿಮೆಯಾದರೂ ಎದೆ ಡವಡವ, ಸುಸ್ತು, ಸಿಡುಕು. ಥೈರಾಯ್ಡ್ ಹೆಚ್ಚುಕಡಿಮೆಯಾದರೂ ಹಾಗೇ.

ಬೆವರು ತಡೆಯಲಾರದಷ್ಟಿದ್ದರೆ ಹಾರ್ಮೋನ್ ಚಿಕಿತ್ಸೆ ಬಗ್ಗೆ ಕೇಳಿ. ಅದು ಎಲ್ಲರಿಗೂ ಆಗಿಬರುವುದಿಲ್ಲ. ಸ್ತನ ಕ್ಯಾನ್ಸರ್, ಪಾರ್ಶ್ವವಾಯು, ರಕ್ತ ಹೆಪ್ಪುಗಟ್ಟಿದ್ದು, ಲಿವರ್ ತೊಂದರೆ ಇದ್ದರೆ ಮೊದಲೇ ಹೇಳಬೇಕು. ಮೆಡಿಕಲ್ ಸ್ಟೋರಿನಲ್ಲಿ ಕೇಳಿ ತಂದು ನುಂಗುವ ಔಷಧಿ ಅಂತೂ ಅಲ್ಲ. ಇನ್ನೊಂದು, ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿಲ್ಲದಿದ್ದರೆ ಈ ವಯಸ್ಸಿನಲ್ಲೂ ಬಸಿರು ನಿಲ್ಲಬಹುದು. ಮುಟ್ಟು ತಪ್ಪಿದಾಗ ಅದನ್ನೂ ನೋಡಿಕೊಳ್ಳಿ.

ಒಬ್ಬಳೇ ಕೂತು ಅಳುವುದು ಎರಡು ವಾರ ಬಿಡದೆ ನಡೆದರೆ, ಯಾವುದರಲ್ಲೂ ಆಸೆ ಉಳಿಯದಿದ್ದರೆ, ಅದು ಖಿನ್ನತೆ ಇರಬಹುದು. ಅದಕ್ಕೂ ಔಷಧಿಯಿದೆ. ತಾಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ ‘ಮನೋಚೈತನ್ಯ’ ಕಾರ್ಯಕ್ರಮ ಇದೆ, ನಿಮ್ಮಲ್ಲಿ ಯಾವಾಗ ಅಂತ ಆಶಾ ಕಾರ್ಯಕರ್ತೆಯನ್ನು ಕೇಳಿ. ಬದುಕೇ ಸಾಕು ಅನ್ನಿಸಿದರೆ ಮಂಗಳವಾರದವರೆಗೆ ಕಾಯಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಡಾಕ್ಟರ ಹತ್ತಿರ ಹೋಗುವಾಗ ಮುಟ್ಟಿನ ತಾರೀಖು, ಎಷ್ಟು ದಿನ ಹೋಯಿತು, ರಾತ್ರಿ ಎಷ್ಟು ಸಲ ಎದ್ದಿರಿ ಎಂದು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಆ ಹಾಳೆಯನ್ನೇ ತೆಗೆದುಕೊಂಡು ಹೋಗಿ. ಈ ಬೆಳೆಯ ಗೂಡು ಮಾರುಕಟ್ಟೆಗೆ ಹೋದ ಮೇಲೆ, ಮುಂದಿನ ಚಾಕಿ ಹುಳು (ಮರಿ ಹುಳು) ಮನೆಗೆ ಬರುವ ಮೊದಲೇ ಹೋಗಿಬನ್ನಿ. ಹುಳು ಬಂದಮೇಲೆ ನೀವು ಮನೆ ಬಿಟ್ಟು ಕದಲುವುದಿಲ್ಲ ಅಂತ ನಿಮಗೂ ಗೊತ್ತು, ನನಗೂ ಗೊತ್ತು.